ಬಡ್ಡಿ ಅಂದ್ರೇನು ಅಂತ ನಮ್ಮವ್ವಂಗೆ ಬಿಡಿಸಿ ಹೇಳಿದ ಬ್ಯಾಂಕು: ಮಂಡ್ಯದ ಒಂದು ಗೋಲ್ಡ್ ಲೋನ್ ಕೌಂಟರ್ ರಿವ್ಯೂ

ಐದಕ್ಕೆ ನಾಲ್ಕೂವರೆ ಕೊಡ್ತಿದೀನಿ. ಅರ್ಧ ಯಾಕೆ ಕಟ್ ಮಾಡ್ದೆ ಅಂತ ಕೊನೇಲಿ ಬರೀತೀನಿ. ಮಂಡ್ಯ ಪೇಟೆ ಬೀದಿ ಕಡೆ ಇರೋ ಒಂದು ಹಳೇ ಸಹಕಾರಿ ಬ್ಯಾಂಕಿನ ಶಾಖೆ ಇದು, ಹೆಸರು ಹಾಕಲ್ಲ, ಯಾಕಂದ್ರೆ ಇದರಲ್ಲಿ ಮೈಸೂರಿನ ಒಂದು ಪ್ರೈವೇಟ್ ಫೈನಾನ್ಸಿನ ಕಥೇನೂ ಬರುತ್ತೆ, ಒಬ್ಬರ ಹೆಸರು ಹೇಳಿ ಇನ್ನೊಬ್ಬರದ್ದು ಮುಚ್ಚಿಡೋದು ಸರಿ ಕಾಣಲ್ಲ. ಒಡವೆ ಅಡ ಇಡೋ ಯೋಚನೇಲಿ ಇರೋರು, ಅದರಲ್ಲೂ ಅಪ್ಪ ಅಮ್ಮನ ಪರವಾಗಿ ಓಡಾಡೋ ಹೆಣ್ಣುಮಕ್ಕಳು, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಮದ್ದೂರು ಕಡೆ. ಬೋರ್ ಕೈಕೊಡ್ತು, ಕಬ್ಬು ಒಣಗೋಕೆ ಶುರು ಆಯ್ತು, ಹೊಸ ಬೋರ್ ಕೊರೆಸೋಕೆ ದುಡ್ಡು ಬೇಕಿತ್ತು. ಅವ್ವ ತನ್ನ ಎರಡೆಳೆ ಸರ, ಎರಡು ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಎಲ್ಲಾರ ಇಟ್ಟು ಒಂದೂವರೆ ಲಕ್ಷ ತತ್ತಾ ಮಗ" ಅಂದ್ಲು. ನಾನಿರೋದು ಮೈಸೂರಲ್ಲಿ, ಆಫೀಸಿಗೆ ಹೋಗೋ ದಾರೀಲೇ ಒಂದು ಫೈನಾನ್ಸ್ ಇತ್ತು, ಗಾಜಿನ ಬಾಗಿಲು, ಏಸಿ, ಹೊರಗೆ ಮನುಷ್ಯನೆತ್ತರದ ಬೋರ್ಡು, "99 ಪೈಸೆ ಬಡ್ಡಿ" ಅಂತ. ನಮ್ಮ ಕಡೆ ಯಾರಿಗಾದ್ರೂ 99 ಪೈಸೆ ಅಂದ್ರೆ ಬಿಡಿಸಿ ಹೇಳೋದೇ ಬೇಡ, ನೂರು ರೂಪಾಯಿಗೆ ತಿಂಗಳಿಗೆ 99 ಪೈಸೆ, ಊರಲ್ಲಿ ಎರಡು ರೂಪಾಯಿ ಮೂರು ರೂಪಾಯಿ ಬಡ್ಡಿ ನಡೀತಿರೋವಾಗ ಇದು ಬಹಳ ಕಮ್ಮಿ. ನಿಜ ಹೇಳ್ಬೇಕು, 20 ನಿಮಿಷದಲ್ಲಿ ದುಡ್ಡು ಅಕೌಂಟಿಗೆ ಬಿತ್ತು, ಆ ಸ್ಪೀಡಿಗೆ ನಾನು ಈಗಲೂ ಮಾರ್ಕ್ಸ್ ಕೊಡ್ತೀನಿ.

ಆರು ತಿಂಗಳು ಬಿಟ್ಟು, ಒಟ್ಟಿಗೇ ಬಡ್ಡಿ ಕಟ್ಟೋಣ ಅಂತ ಹೋದೆ. ನನ್ನ ಲೆಕ್ಕ ತಿಂಗಳಿಗೆ 1,485, ಆರು ತಿಂಗಳಿಗೆ 8,910. ಅವರು ತೋರಿಸಿದ್ದು 18,924. ಅದರ ಮೇಲೆ ನೋಟಿಸ್ ಚಾರ್ಜು ಅಂತ ಜಿಎಸ್‌ಟಿ ಸೇರಿ 236. ಏನಿದು ಅಂತ ಕೇಳಿದ್ರೆ, 99 ಪೈಸೆ ಅನ್ನೋದು ಪ್ರತಿ ತಿಂಗಳು ತಪ್ಪದೆ ಬಡ್ಡಿ ಕಟ್ಟೋರಿಗೆ ಕೊಡೋ ರಿಬೇಟ್ ರೇಟ್ ಅಂತೆ, ಒಂದು ತಿಂಗಳು ತಪ್ಪಿದ್ರೂ ರಿಬೇಟ್ ಹೋಗಿ ಮೊದಲ ದಿನದಿಂದಲೇ ಎರಡು ರೂಪಾಯಿ, ಅದೂ ತಿಂಗಳು ತಿಂಗಳು ಬಡ್ಡಿಗೆ ಬಡ್ಡಿ ಸೇರಿಸ್ಕೊಂಡು. ನಾನು ಸೈನ್ ಹಾಕಿದ್ದ ಪೇಪರಲ್ಲಿ ಇದೆಲ್ಲ ಇತ್ತು, ಇಂಗ್ಲಿಷಲ್ಲಿ, ಸಣ್ಣಕ್ಷರದಲ್ಲಿ, ಹನ್ನೊಂದು ಪುಟ. ಕೌಂಟರಲ್ಲಿದ್ದ ಹುಡುಗನ್ನ ಬೈಯಲ್ಲ, ಅವನು ಪಾಪ "ಮೇಡಂ ಸಿಸ್ಟಮ್ ಹಂಗೇ ತೋರಿಸುತ್ತೆ" ಅಂದ, ಅವನಿಗೂ ಲೆಕ್ಕ ಬಿಡಿಸಿ ಹೇಳೋಕೆ ಬರ್ತಿರಲಿಲ್ಲ. ಆದ್ರೆ 10,014 ರೂಪಾಯಿ ವ್ಯತ್ಯಾಸ ಅಂದ್ರೆ ನಮ್ಮಪ್ಪ ಅವ್ವನಿಗೆ ಅದು ಸಣ್ಣ ದುಡ್ಡಲ್ಲ, ನನಗೆ ಹೊಟ್ಟೆ ಉರೀತು, ಈಗ ಬರೆಯೋವಾಗಲೂ ಉರೀತಿದೆ.

ಮನೆಗೆ ಬಂದು ಹೇಳಿದ್ದಕ್ಕೆ ಅವ್ವ ಕೇಳಿದ ಪ್ರಶ್ನೆ ಒಂದೇ. "ಸರ ಪೆಟ್ಟಿಗೇಲಿ ಹಂಗೇ ಇತ್ತಲ್ಲ ಮಗ, ಯಾರೂ ಹಾಕ್ಕೊಳ್ಳಲಿಲ್ಲ, ಸವೀಲಿಲ್ಲ, ಮತ್ತೆ ಈ ಬಡ್ಡಿ ಅನ್ನೋದು ಎಲ್ಲಿಂದ ಬೆಳೀತು?" ನನ್ನ ಹತ್ರ ಉತ್ತರ ಇರಲಿಲ್ಲ. ಬಿಕಾಂ ಮಾಡಿದೀನಿ, ಪಿ ಇಂಟು ಟಿ ಇಂಟು ಆರ್ ಬಾಯಿಪಾಠ ಬರುತ್ತೆ, ಆದ್ರೆ ಬಡ್ಡಿ ಅಂದ್ರೆ ಏನವ್ವ ಅಂತ ಹೇಳೋಕೆ ಬರಲಿಲ್ಲ.

ಚಿಕ್ಕಪ್ಪನ ಹತ್ರ ಕೈಸಾಲ ಮಾಡಿ ಒಡವೆ ಬಿಡಿಸ್ಕೊಂಡು, ಚಿಕ್ಕಪ್ಪನೇ ಹೇಳಿದ ಈ ಮಂಡ್ಯದ ಬ್ಯಾಂಕಿಗೆ ಅವ್ವನ್ನೂ ಕರ್ಕೊಂಡು ಹೋದೆ. ಗೋಲ್ಡ್ ಲೋನ್ ನೋಡ್ಕೊಳ್ಳೋರು ರಿಟೈರ್‌ಮೆಂಟ್ ಹತ್ರ ಇರೋ ಒಬ್ಬರು ಸಾರ್. ಅಕ್ಕಸಾಲಿ ನಮ್ಮೆದುರೇ ತೂಕ ಹಾಕಿ, ಒರೆಗೆ ಹಚ್ಚಿ, ಒಟ್ಟು ತೂಕ ಎಷ್ಟು, ಅರಗು ಕಳೆದು ನಿವ್ವಳ ತೂಕ ಎಷ್ಟು ಅಂತ ಜೋರಾಗಿ ಹೇಳಿದ್ರು. ಆಮೇಲೆ ಈ ಸಾರ್ ಒಂದು ಹಾಳೆ ತೆಗೆದು ಅವ್ವನ ಮುಂದೆ ಇಟ್ರು, ಕನ್ನಡದಲ್ಲಿತ್ತು, ಸಾಲ ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು, ಅಕ್ಕಸಾಲಿ ಫೀಸು ಎಷ್ಟು, ಎಲ್ಲಾ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತೆ ಅಂತ. "ಓದ್ತೀರಾ ತಾಯಿ, ನಾನೇ ಓದಿ ಹೇಳ್ಲಾ?" ಅಂದ್ರು. ಈ ಹಾಳೆಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತಾರೆ, 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆಲ್ಲ ಕೊಡಲೇಬೇಕು, ಅದೂ ಸಾಲ ತಗೊಳ್ಳೋರಿಗೆ ಅರ್ಥ ಆಗೋ ಭಾಷೇಲಿ, ಅಂತ ರಿಸರ್ವ್ ಬ್ಯಾಂಕ್ ರೂಲ್ಸೇ ಇದೆ. ಎಲ್ಲಿ ಹೋದ್ರೂ ಕೇಳಿ ಇಸ್ಕೊಳ್ಳಿ. ಫ್ರೀ.

ಅವ್ವ ಬಿಡಲಿಲ್ಲ, ಅವರಿಗೂ ಅದೇ ಪ್ರಶ್ನೆ ಹಾಕಿದ್ಲು. "ಸಾಮಿ, ಈ ಬಡ್ಡಿ ಅಂದ್ರೆ ಏನು?"

ನನಗೆ ಮುಜುಗರ ಆಯ್ತು, ಹಿಂದೆ ಐದಾರು ಜನ ಕ್ಯೂನಲ್ಲಿದ್ರು. ಅವರು ಪೆನ್ನು ಕೆಳಗಿಟ್ಟು ಹೇಳಿದ್ರು, "ಬೆಳೆಯೋದು ಅಂತಲೇ ಅರ್ಥ ತಾಯಿ. ವೃದ್ಧಿ ಅಂತಾರಲ್ಲ, ಅದೇ ನಮ್ಮ ಬಾಯಲ್ಲಿ ಬಡ್ಡಿ ಆಗಿದೆ. ನಿಮ್ಮ ಸರ ಬೆಳೆಯಲ್ಲ, ನೀವು ತಗೊಂಡ ದುಡ್ಡು ದಿನಾ ಬೆಳೆಯುತ್ತೆ. ಒಂದೂವರೆ ಲಕ್ಷ, ರೂಪಾಯಿ ಬಡ್ಡಿ, ಅಂದ್ರೆ ವರ್ಷಕ್ಕೆ ನೂರಕ್ಕೆ ಹನ್ನೆರಡು, ದಿನಕ್ಕೆ 49 ರೂಪಾಯಿ 32 ಪೈಸೆ ಬೆಳೆಯುತ್ತೆ. ನೀವು ಎಷ್ಟು ದಿನ ಬಿಡ್ತೀರೋ ಅಷ್ಟು ದಿನ. ಬೇರು ಕಡಿಮೆ ಮಾಡಿದ್ರೆ ಬೆಳೆಯೋದೂ ಕಡಿಮೆ ಆಗುತ್ತೆ." ಆ 49 ರೂಪಾಯಿ 32 ಪೈಸೆ ಅನ್ನೋದನ್ನ ಪಾಸ್‌ಬುಕ್ ಹಿಂದೆ ಪೆನ್ಸಿಲಲ್ಲಿ ಬರೆದೂ ಕೊಟ್ರು. ಈ ರಿವ್ಯೂ ಬರೀತಿರೋದೇ ಆ ಎರಡು ನಿಮಿಷಕ್ಕೋಸ್ಕರ.

ಆ ಮಾತು ನನ್ನ ತಲೇಲಿ ಕೂತ್ಬಿಡ್ತು, ಮನೆಗೆ ಬಂದು ನಿಘಂಟು, ಅಲ್ಲಿ ಇಲ್ಲಿ ಎಲ್ಲಾ ಹುಡುಕಿದೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸಂಸ್ಕೃತದ ವೃದ್ಧಿ, ಪ್ರಾಕೃತದಲ್ಲಿ ವಡ್ಢಿ, ಕನ್ನಡಕ್ಕೆ ಬಂದು ಬಡ್ಡಿ. ಹೈಸ್ಕೂಲಲ್ಲಿ ತತ್ಸಮ ತದ್ಭವ ಅಂತ ಉರು ಹೊಡೆದ ಪಟ್ಟೀಲೇ ಇತ್ತು, ವರ್ಣ ಬಣ್ಣ ಆದಂಗೆ, ವೀಥಿ ಬೀದಿ ಆದಂಗೆ, ಮೊದಲ ವ ಕನ್ನಡದಲ್ಲಿ ಬ ಆಗುತ್ತೆ. ಪೇಟೆ ಬೀದೀಲಿ ನಿಂತು ಬಡ್ಡಿ ಕಟ್ತೀವಲ್ಲ, ಬೀದಿ ಬಡ್ಡಿ ಎರಡೂ ಒಂದೇ ದಾರೀಲಿ ಬಂದ ಮಾತುಗಳು. ತೆಲುಗರು ವಡ್ಡಿ ಅಂತ ವ ಹಂಗೇ ಉಳಿಸ್ಕೊಂಡ್ರು, ತಮಿಳರದ್ದು ವಟ್ಟಿ.

ಅದೇ ಬುಡದಿಂದ ಬಂದ ಬೇರೆ ಮಾತು ನೋಡಿದ್ರೆ ಇನ್ನೂ ಖುಷಿ ಆಗುತ್ತೆ. ಆಷಾಢದಲ್ಲಿ ಬೆಟ್ಟದ ಮೇಲೆ ಚಾಮುಂಡೇಶ್ವರಿ ವರ್ಧಂತಿ ಮಾಡ್ತಾರಲ್ಲ, ಆ ವರ್ಧಂತಿ ಇದೇ ಧಾತುವಿಂದು, ಒಂದು ವರ್ಷ ಬೆಳೆದ ದಿನ. ವಯಸ್ಸಾದೋರನ್ನ ವೃದ್ಧರು ಅಂತೀವಿ, ಬೆಳೆದು ಬೆಳೆದು ಮಾಗಿದೋರು. ಮಗು ಹುಟ್ಟಿದಾಗ ಆಚರಿಸೋ ಪುರುಡಿಗೆ ಕೆಲವು ಮನೆಗಳಲ್ಲಿ ವೃದ್ಧಿ ಅಂತಲೇ ಹೆಸರು. ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ಅಂತ ತಾಲ್ಲೂಕು ತಾಲ್ಲೂಕಲ್ಲೂ ಬೋರ್ಡ್ ಇರುತ್ತಲ್ಲ, ಆ ಅಭಿವೃದ್ಧಿ ಮತ್ತೆ ಒಳಗೆ ಚಲನ್ ಮೇಲಿರೋ ಬಡ್ಡಿ, ಎರಡೂ ಒಂದೇ ಹೊಟ್ಟೇಲಿ ಹುಟ್ಟಿದೋವು. ಒಂದು ಓದಿದೋರ ಬಾಯಲ್ಲಿ ಸಂಸ್ಕೃತವಾಗೇ ಉಳೀತು, ಇನ್ನೊಂದು ಸಂತೇಲಿ ಕಣದಲ್ಲಿ ಓಡಾಡಿ ನಮ್ಮದೇ ಆಯ್ತು.

ಇನ್ನು ಅಸಲು. ಇದು ಅರಬ್ಬಿ ಮಾತು, ಅಸ್ಲ್ ಅಂದ್ರೆ ಬೇರು, ಬುಡ. ಸಂಸ್ಕೃತದಲ್ಲೂ ಮೂಲಧನ ಅಂತಾರೆ, ಮೂಲ ಅಂದ್ರೂ ಬೇರೇ! ಬ್ಯಾಂಕಿನ ಸಾರ್ "ಬೇರು ಕಡಿಮೆ ಮಾಡಿದ್ರೆ" ಅಂದಿದ್ದು ಇದಕ್ಕೇ ಅಂತ ಆಗ ಹೊಳೀತು. ಬಾಕಿ, ಜಮಾ, ವಸೂಲಿ ಇವೂ ಅರಬ್ಬೀವೇ, ರಸೀದಿ ಪಾರಸಿ, ರಸೀದ್ ಅಂದ್ರೆ "ತಲುಪಿತು" ಅಂತ. ಗಿರವಿ ಅಂಗಡಿ ಅಂತೀವಲ್ಲ, ಅದೂ ಪಾರಸಿ, ಒತ್ತೆ ಅನ್ನೋ ಅರ್ಥ. ಒಂದು ಸಾಲದ ಚೀಟೀಲಿ ಇಷ್ಟು ಭಾಷೆ ಕೂತಿವೆ, ಆದ್ರೆ ಬಡ್ಡಿ ಅಸಲು ಎರಡು ಮಾತು ಜೊತೆಗೆ ಇಟ್ರೆ ಒಂದು ಗಿಡ ಕಾಣುತ್ತೆ, ಕೆಳಗೆ ಬೇರು, ಮೇಲೆ ಬೆಳವಣಿಗೆ.

ಬರೀ ನಮ್ಮಲ್ಲಿ ಮಾತ್ರ ಅಲ್ಲ. ತಮಿಳು ಶಾಸನಗಳಲ್ಲಿ ದೇವಸ್ಥಾನಕ್ಕೆ ದೀಪ ಉರಿಸೋಕೆ ಬಿಟ್ಟ ದುಡ್ಡಿನ ಬಡ್ಡಿಗೆ ಪೊಲಿಸೈ ಅಂತಾರೆ, ಪೊಲಿ ಅಂದ್ರೆ ಹೆಚ್ಚೋದು, ತುಂಬೋದು, ತುಳುವರು ದೀಪಾವಳೀಲಿ ಬಲೀಂದ್ರನ್ನ ಕರೆಯೋವಾಗ ಕೂಗೋ ಪೊಲಿ ಕೂಡ ಅದೇ. ಹಳೇ ಗ್ರೀಕರು ಬಡ್ಡಿಗೆ ಟೋಕೋಸ್ ಅಂತಿದ್ರು, ಅಂದ್ರೆ ಹೆತ್ತ ಕೂಸು. ಅರಿಸ್ಟಾಟಲ್ ಈ ಮಾತನ್ನೇ ಹಿಡ್ಕೊಂಡು, ದುಡ್ಡು ದುಡ್ಡನ್ನ ಹೆರೋದು ಪ್ರಕೃತಿಗೆ ವಿರುದ್ಧ ಅಂತ ಬರೆದ, ನಮ್ಮವ್ವನ ಪ್ರಶ್ನೆ ಹೆಚ್ಚೂಕಮ್ಮಿ ಅದೇ ಅಲ್ವಾ. ಅದಕ್ಕಿಂತ ಎಷ್ಟೋ ಹಿಂದೆ ಸುಮೇರಿಯನ್ನರು ಬಡ್ಡಿಗೆ ಮಾಶ್ ಅಂತಿದ್ರು, ಮೇಕೆ ಮರಿಗೂ ಅದೇ ಮಾತು.

ಈ ಮೇಕೆ ಮರಿ ವಿಷಯ ಅವ್ವಂಗೆ ಹೇಳಿದಾಗ ಅವಳಿಗೆ ತಕ್ಷಣ ಅರ್ಥ ಆಯ್ತು. ನಮ್ಮ ಕಡೆ ಕುರಿ ಪಾಲಿಗೆ ಬಿಡೋದು ಅಂತ ಇದೆ, ನನ್ನ ಕುರಿ ನಿನ್ನ ಕೊಟ್ಟಿಗೇಲಿ ಮೇಯುತ್ತೆ, ಹುಟ್ಟಿದ ಮರೀಲಿ ನನಗಿಷ್ಟು ನಿನಗಿಷ್ಟು. ನಮ್ಮಜ್ಜಿ ಮಳವಳ್ಳಿ ಕಡೆಯೋಳು, ಬಂಡೂರು ಕುರಿ ಹಂಗೆ ಬಿಟ್ಟಿದ್ಲಂತೆ. "ಕುರಿ ಈದ್ರೆ ಮರಿ ಸಿಗುತ್ತೆ, ಈಯದೆ ಇದ್ರೆ ಕೇಳಂಗಿಲ್ಲ, ಸತ್ರೆ ಇಬ್ಬರಿಗೂ ಲುಕ್ಸಾನು" ಅಂತ ಅವ್ವ ಹೇಳಿದ್ಲು. ಅಲ್ಲೇ ಇರೋದು ವ್ಯತ್ಯಾಸ. ಕುರಿ ಬೆಳೆದ್ರೆ ತಾನೇ ಮರಿ, ಆದ್ರೆ ದುಡ್ಡಿನ ಬಡ್ಡಿ ಬೋರಲ್ಲಿ ನೀರು ಬಂದ್ರೂ ಬೆಳೆಯುತ್ತೆ, ಬರದೆ ಇದ್ರೂ ಬೆಳೆಯುತ್ತೆ. ಮೊಮ್ಮಕ್ಕಳ ವಿಷಯಕ್ಕೆ ಬಂದ್ರೆ ಅಸಲಿಗಿಂತ ಬಡ್ಡಿ ಮೇಲೇ ಪ್ರೀತಿ ಜಾಸ್ತಿ ಅಂತಾರಲ್ಲ, ಆ ಬಡ್ಡಿ ಜೀವ ಇರೋ ಬಡ್ಡಿ, ಬೆಳೆದ್ರೆ ಮನೆಯೋರಿಗೆಲ್ಲ ಸಂತೋಷ.

ಎಲ್ಲಾ ಭಾಷೇಲೂ ಇಷ್ಟು ಒಳ್ಳೇ ಹೆಸರು ಇಲ್ಲ. ಹೀಬ್ರೂನಲ್ಲಿ ನೆಶೆಖ್, ಕಚ್ಚೋದು ಅನ್ನೋ ಮಾತಿಂದ ಬಂದಿದ್ದು. ಹಿಂದಿಯ ಬ್ಯಾಜ್ ಸಂಸ್ಕೃತದ ವ್ಯಾಜದಿಂದ, ನೆಪ, ಕಪಟ ಅಂತ ಅರ್ಥ, ನಾವು ನಿರ್ವ್ಯಾಜ ಪ್ರೀತಿ ಅಂತೀವಲ್ಲ, ಕಪಟ ಇಲ್ಲದ ಪ್ರೀತಿ, ಆ ವ್ಯಾಜ. ಮತ್ತೆ ಇಂಗ್ಲಿಷಿನ ಇಂಟರೆಸ್ಟ್ ಕಥೆ ನನ್ನ ಕೇಸಿಗೆ ನೇರವಾಗಿ ಬರುತ್ತೆ. ಲ್ಯಾಟಿನ್‌ನಲ್ಲಿ ಇಂಟರ್ ಅಂದ್ರೆ ನಡುವೆ, ಎಸ್ಸೆ ಅಂದ್ರೆ ಇರೋದು, ಎರಡರ ನಡುವೆ ಇರೋದು, ವ್ಯತ್ಯಾಸ. ಮಧ್ಯಯುಗದ ಯೂರೋಪಲ್ಲಿ ಚರ್ಚು ಬಡ್ಡಿ ತಗೊಳ್ಳೋದನ್ನ ಪಾಪ ಅಂತ ನಿಷೇಧ ಮಾಡಿತ್ತು, ಆದ್ರೆ ಹೇಳಿದ ದಿನಕ್ಕೆ ವಾಪಸ್ ಕೊಡದೆ ಲೇಟ್ ಮಾಡಿದ್ರೆ, ಕೊಟ್ಟೋನಿಗೆ ಆದ ನಷ್ಟದ ವ್ಯತ್ಯಾಸ ತುಂಬಿಕೊಡಬಹುದು ಅಂತ ಬಿಟ್ಟಿತ್ತು, ಆ ತುಂಬಿಕೊಡೋ ದುಡ್ಡಿಗೇ ಇಂಟರೆಸ್ಟ್ ಅಂತ ಹೆಸರು ಬಂತು. ಅಂದ್ರೆ ಆ ಮಾತು ಹುಟ್ಟಿದ್ದೇ ಲೇಟ್ ಆದದ್ದಕ್ಕೆ.

ಈಗ ನೋಡಿ, 2023ರ ಆಗಸ್ಟ್ 18ರ ಸುತ್ತೋಲೇಲಿ ರಿಸರ್ವ್ ಬ್ಯಾಂಕ್ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಷರತ್ತು ತಪ್ಪಿದ್ದಕ್ಕೆ ದಂಡ ಹಾಕೋದಾದ್ರೆ ಅದನ್ನ ದಂಡ ಶುಲ್ಕ ಅಂತಲೇ ಹಾಕಿ, ಬಡ್ಡಿ ರೇಟಿಗೆ ಸೇರಿಸಬೇಡಿ, ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕಬೇಡಿ ಅಂತ. ಬೆಳೆಯೋದು ಬೇರೆ, ತಪ್ಪಿಗೆ ಕಟ್ಟೋ ದಂಡ ಬೇರೆ, ಎರಡನ್ನೂ ಬೇರೆ ಬೇರೆ ಸಾಲಲ್ಲಿ ಬರೀಬೇಕು. ನನಗೆ ಮೈಸೂರಲ್ಲಿ ಆಗಿದ್ದು ಇದೇ ನೋವು, ಲೇಟ್ ಆಗಿದ್ದಕ್ಕೆ ದಂಡ ಅಂತ ನೇರವಾಗಿ ಹೇಳಿದ್ರೆ ಎಷ್ಟು ಅಂತಾದ್ರೂ ಗೊತ್ತಾಗ್ತಿತ್ತು, ರಿಬೇಟ್ ಹೋಯ್ತು ಅನ್ನೋ ಹೆಸರಲ್ಲಿ ಅದು ಬಡ್ಡಿಯೊಳಗೇ ಕರಗಿಹೋಗಿತ್ತು.

ಬಡ್ಡಿಗೆ ಬಡ್ಡೀನೂ ಹೊಸ ಕಂಡುಹಿಡಿತ ಏನಲ್ಲ, ಚಕ್ರಬಡ್ಡಿ ಅಂತೀವಲ್ಲ, ಮನುಸ್ಮೃತೀಲೇ ಚಕ್ರವೃದ್ಧಿ ಅಂತ ಇದೆ, ಅಲ್ಲೇ ಒಂದೇ ಸಲಕ್ಕೆ ವಸೂಲಿ ಮಾಡೋ ಬಡ್ಡಿ ಅಸಲಿನಷ್ಟನ್ನ ದಾಟಬಾರದು ಅಂತಲೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಬಡ್ಡಿ ಧರ್ಮ ಅಂತ ಬರೆದಿದೆ, ವ್ಯಾಪಾರಕ್ಕೆ ಐದು, ಕಾಡುದಾರೀಲಿ ಸರಕು ಸಾಗಿಸೋರಿಗೆ ಹತ್ತು, ಸಮುದ್ರಕ್ಕೆ ಹೋಗೋರಿಗೆ ಇಪ್ಪತ್ತು. ಅಪಾಯ ಜಾಸ್ತಿ ಆದಷ್ಟು ಬಡ್ಡಿ ಜಾಸ್ತಿ, ಒಡವೆ ಪೆಟ್ಟಿಗೇಲಿಟ್ಟು ತಗೊಂಡ ಸಾಲಕ್ಕೆ ಕಾಡುದಾರಿ ಅಪಾಯ ಎಲ್ಲಿಂದ ಬಂತು ಅಂತ ನಾನೀಗ ಕೇಳ್ತೀನಿ. ಆ ಪಣಾನೇ ನಮ್ಮ ಹಣ, ಹಳಗನ್ನಡದ ಪ ಹ ಆಗಿದ್ದು, ಪಾಲು ಹಾಲು ಆದಂಗೆ.

ಆ ಒಂದೂಕಾಲು ಪಣ ವರ್ಷಕ್ಕೆ ಲೆಕ್ಕ ಹಾಕಿದ್ರೆ ನೂರಕ್ಕೆ 15. ಈ 15 ನಮ್ಮ ಮಂಡ್ಯದ ಕಬ್ಬು ಬೆಳೆಗಾರರು ಚೆನ್ನಾಗಿ ನೆನಪಿಟ್ಕೋಬೇಕಾದ ಅಂಕಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸರಬರಾಜು ಮಾಡಿ 14 ದಿನದೊಳಗೆ ಫ್ಯಾಕ್ಟರಿ ದುಡ್ಡು ಕೊಡಬೇಕು, ಲೇಟ್ ಆದ ದಿನಗಳಿಗೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ರೈತ ಬಡ್ಡಿ ಕಟ್ಟೋದು ಎಲ್ಲರಿಗೂ ಗೊತ್ತು, ರೈತನಿಗೂ ಬಡ್ಡಿ ಬರಬೇಕು ಅನ್ನೋದು ನಮ್ಮಪ್ಪಂಗೆ ಈ ವಯಸ್ಸಲ್ಲಿ ನಾನು ಹೇಳಿದಾಗಲೇ ಗೊತ್ತಾಗಿದ್ದು. "ನಮ್ದೂ ಬೆಳೀತದಾ?" ಅಂದ.

ಸರಿ, ವಾಪಸ್ ಬ್ಯಾಂಕಿಗೆ ಬರ್ತೀನಿ. ಕಬ್ಬಿನ ದುಡ್ಡು ಬಂದ ಮೇಲೆ 143ನೇ ದಿನಕ್ಕೆ 60,000 ಅಸಲು ಕಟ್ಟೋಕೆ ಹೋದ್ವಿ. ಆವರೆಗಿನ ಬಡ್ಡಿ 7,052 ಅಂದ್ರು. ನಾನು ಫೋನಲ್ಲಿ ಮೊದಲೇ ಲೆಕ್ಕ ಹಾಕಿದ್ದೆ, 7,052ಕ್ಕೇ ಬಂದಿತ್ತು, ಒಂದು ರೂಪಾಯಿ ಹೆಚ್ಚಿಲ್ಲ ಕಮ್ಮಿ ಇಲ್ಲ. ಆ ಸಮಾಧಾನ ಹೆಂಗಿರುತ್ತೆ ಅಂತ ಮೈಸೂರಿನ ಅನುಭವ ಆದೋರಿಗೇ ಗೊತ್ತು. ಅಸಲು ಅರ್ಧಂಬರ್ಧ ಕಟ್ಟಿದ್ರೆ ತಗೊಳ್ಳಲ್ಲ, ಇಲ್ಲ ಚಾರ್ಜ್ ಹಾಕ್ತಾರೆ ಅನ್ನೋ ಭಯ ಇತ್ತು, ಅದೂ ಇಲ್ಲ. ಅವ್ವ ತಾನೇ ಕೇಳಿದ್ಲು, "ಈಗ ದಿನಕ್ಕೆ ಎಷ್ಟು ಬೆಳೀತದೆ ಸಾಮಿ?" ಹಳೇ ಬರಹ ರಬ್ಬರಲ್ಲಿ ಅಳಿಸಿ ಹೊಸದು ಬರೆದ್ರು, ಉಳಿದ 90,000ಕ್ಕೆ ದಿನಕ್ಕೆ 29 ರೂಪಾಯಿ 59 ಪೈಸೆ.

ಈಗ ಅರ್ಧ ಸ್ಟಾರ್ ಯಾಕೆ ಹೋಯ್ತು ಅಂತ. ಅಕ್ಕಸಾಲಿ ದಿನಾ ಬರಲ್ಲ, ವಾರದಲ್ಲಿ ಮೂರೇ ದಿನ, ಮೊದಲ ಸಲ ನಾವು ಬರಿಗೈಲಿ ವಾಪಸ್ ಬಂದ್ವಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರೆ ಊರಿಂದ ಬಸ್ಸಲ್ಲಿ ಬರೋರಿಗೆ ಒಂದು ದಿನ ಉಳಿಯುತ್ತೆ. ಒಡವೆ ಇಟ್ಟು ದುಡ್ಡು ಕೈಗೆ ಬರೋಕೆ ಮಧ್ಯಾಹ್ನ ಆಗುತ್ತೆ, ಮೈಸೂರಿನ 20 ನಿಮಿಷದ ಸ್ಪೀಡು ಇಲ್ಲಿಲ್ಲ. ಆಪ್ ಇಲ್ಲ, ಬಡ್ಡಿ ಕಟ್ಟೋಕೆ ಬ್ಯಾಂಕಿಗೇ ಹೋಗ್ಬೇಕು. ಬೈಕ್ ನಿಲ್ಲಿಸೋಕೆ ಜಾಗ ಇಲ್ಲ. ಕೂರೋಕೆ ಮೂರೇ ಕುರ್ಚಿ, ವಯಸ್ಸಾದೋರು ನಿಂತೇ ಇರ್ತಾರೆ, ಇದನ್ನ ಮ್ಯಾನೇಜರಿಗೆ ಹೇಳಿದೀನಿ, ಬೆಂಚ್ ಹಾಕಿಸ್ತೀವಿ ಅಂದಿದಾರೆ.

ಹೋಗೋರು ಆಧಾರ್, ಪ್ಯಾನ್, ಎರಡು ಫೋಟೋ ತಗೊಂಡು ಹತ್ತೂವರೆಗೇ ಹೋಗಿ. ಕನ್ನಡದ ಆ ಹಾಳೆ ಅವರೇ ಕೊಡ್ತಾರೆ, ದಿನಕ್ಕೆ ಎಷ್ಟು ಅನ್ನೋದನ್ನ ಮಾತ್ರ ನೀವೇ ಕೇಳಿ ಬರೆಸ್ಕೊಳ್ಳಿ. ಆ ಸಾರ್ ಈ ವರ್ಷ ರಿಟೈರ್ ಆಗ್ತಾರಂತೆ, ಪಕ್ಕದಲ್ಲಿ ಒಬ್ಬಳು ಹೊಸ ಹುಡುಗಿ ಕೆಲಸ ಕಲೀತಿದಾಳೆ, ಹೋದ ಸಲ ಒಬ್ಬರು ತಾತಂಗೆ ಪಾಸ್‌ಬುಕ್ ಹಿಂದೆ ಪೆನ್ಸಿಲಲ್ಲಿ ಬರೆದು ಕೊಡ್ತಿದ್ದೋಳು ಅವಳೇ.